ಅಕ್ಕನ ಫೋನಿನಲ್ಲಿ ಕನ್ನಡ ಹಕ್ಕಿ

ಎಲ್ಲವೂ ಎಂದಿನಂತಿದ್ದ ಕೊನೆಯ ಶನಿವಾರ ನಾನೂ ವಿಶಾಲಕ್ಕನೂ ಅವಲಕ್ಕಿಯ ವಿಷಯಕ್ಕೆ ವಾದ ಮಾಡಿದೆವು. ವಿಶಾಲಕ್ಕ ನನ್ನ ವಾರಗಿತ್ತಿ, ಭಾವನವರ ಹೆಂಡತಿ. ಧಾರವಾಡದವರು. ಅವರ ಪ್ರಕಾರ ಅವಲಕ್ಕಿ ಕಾಗದದ ಹಾಗೆ ತೆಳ್ಳಗಿರಬೇಕು, ಅದಕ್ಕೆ ಹಸಿ ಎಣ್ಣೆ, ಖಾರದ ಪುಡಿ, ಈರುಳ್ಳಿ ಹಚ್ಚಬೇಕು, ಕೆಲಸ ಮುಗಿಯಿತು. ನಾನು ಮೈಸೂರಿನ ಕಡೆಯವಳು. ಗಟ್ಟಿ ಅವಲಕ್ಕಿಯನ್ನು ಹುಣಿಸೆಹುಳಿಯಲ್ಲಿ ನೆನೆಸಿ, ಬೆಲ್ಲ ಹಾಕಿ, ಒಗ್ಗರಣೆ ಕೊಟ್ಟು ಗೊಜ್ಜವಲಕ್ಕಿ ಮಾಡದಿದ್ದರೆ ನನಗದು ತಿಂಡಿಯೇ ಅಲ್ಲ. ಅಮೆರಿಕದ ಫ್ಲೋರಲ್ ಪಾರ್ಕ್ ಎಂಬ ಊರಿನ ಒಂದೇ ಮನೆಯಲ್ಲಿ ಅವರು ಕೆಳಗೆ, ನಾವು ಮೇಲೆ. ಈ ವಾದ ಮೆಟ್ಟಿಲು ಹತ್ತಿ ಇಳಿಯುತ್ತ ಎಷ್ಟೋ ವರ್ಷಗಳಾಗಿದ್ದವು. ಆ ದಿನ ನಾನು ಗೆದ್ದೆ. ಗೊಜ್ಜವಲಕ್ಕಿಯ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕಾರಿನಲ್ಲಿ ಕೂತೆ.

ಮೇ ತಿಂಗಳ ಶನಿವಾರಗಳೆಂದರೆ ನಮಗೆ ಆಲಿ ಪಾಂಡ್ ಪಾರ್ಕು. ದಕ್ಷಿಣದಿಂದ ಬರುವ, ಗುಬ್ಬಚ್ಚಿಗಿಂತ ಚಿಕ್ಕದಾದ ವಾರ್ಬ್ಲರ್ ಹಕ್ಕಿಗಳು ಉತ್ತರಕ್ಕೆ ಹೋಗುವ ದಾರಿಯಲ್ಲಿ ಅಲ್ಲಿ ತಂಗುತ್ತವೆ. ಒಂದು ಕಡೆ ಹೈವೇ ಸದ್ದು, ಇನ್ನೊಂದು ಕಡೆ ಹಕ್ಕಿಗಳ ಸದ್ದು. ನನಗೆ ಎರಡೂ ಒಂದೇ ರೀತಿ ಕೇಳಿಸುತ್ತಿತ್ತು. ವಿಶಾಲಕ್ಕ ಕೆಸರಿನ ಪಕ್ಕದ ಒಂದು ಪೊದೆಯ ಮುಂದೆ ನಿಂತು ಫೋನನ್ನು ಮುಂದಕ್ಕೆ ಚಾಚಿ ಹಿಡಿದರು. ಒಳಗೆ ಏನೋ ಹಾಡುತ್ತಿತ್ತು. ಅವರು ತುಟಿಯ ಮೇಲೆ ಬೆರಳಿಟ್ಟು ನನ್ನತ್ತ ನೋಡಿದರು. ನಾನು ಸುಮ್ಮನಾದೆ. ಸುಮ್ಮನಾದೆ ಎಂದು ನಾನು ತಿಳಿದುಕೊಂಡೆ.

ಹಾಡು ನಿಂತ ಮೇಲೆ ಅವರು ಫೋನು ಕೆಳಗಿಳಿಸಿ ಹೇಳಿದರು: "ಪದ್ದಿ, ಹಕ್ಕಿ ಹಾರಿ ಹೋಗ್ತದ. ನಿನ್ನ ಅವಲಕ್ಕಿ ಎಲ್ಲಿ ಹೋಗ್ತದ? ಒಂದ್ ನಿಮಿಷ ಬಾಯಿ ಮುಚ್ಚಿದ್ರ ಏನಾಗ್ತಿತ್ತು?"

"ನಾನೆಲ್ಲಿ ಮಾತಾಡಿದೆ ಅಕ್ಕ? ಒಣಗ್ತಾ ಇದೆ ಬನ್ನಿ ಅಂದೆ, ಅಷ್ಟೇ."

"ಅಷ್ಟ ಅಂದಿ. ಹಕ್ಕಿಗೆ ಅಷ್ಟ ಸಾಕು."

ಬೆಂಚಿನ ಮೇಲೆ ಕೂತು ಡಬ್ಬಿ ಖಾಲಿ ಮಾಡಿದೆವು. ಅಕ್ಕ ಎರಡನೆಯ ಸಲ ಹಾಕಿಸಿಕೊಂಡರು. ಚೆನ್ನಾಗಿದೆ ಎಂದು ಮಾತ್ರ ಹೇಳಲಿಲ್ಲ. ಸೋಮವಾರ ಕೆಲಸದ ಜಾಗದಲ್ಲಿ ಕುಸಿದು ಬಿದ್ದರು. ಮಿದುಳಿನಲ್ಲಿ ರಕ್ತಸ್ರಾವ ಎಂದರು ಡಾಕ್ಟರು. ಆಮೇಲೆ ಅವರು ಮಾತಾಡಲಿಲ್ಲ. ಆ ವಾರ ಮುಗಿಯುವುದರೊಳಗೆ ಹೋಗಿಬಿಟ್ಟರು.

ಅವರಿಗೆ ಒಬ್ಬಳೇ ಮಗಳು, ಶಾಲ್ಮಲಾ. ಅದು ಧಾರವಾಡದ ಕಡೆಯ ನದಿಯ ಹೆಸರು. ನ್ಯೂಜೆರ್ಸಿಯ ಬಾಸ್ಕಿಂಗ್ ರಿಡ್ಜಿನ ಅವಳ ಆಫೀಸಿನಲ್ಲಿ ಅವಳು ಶಾಲ್, ನಮಗೆ ಶಾಲು. ಅವಳು ನನ್ನನ್ನು ಕಾಕು ಎಂದು ಕರೆಯುತ್ತಾಳೆ. ನಮ್ಮ ಕಡೆಯ ಚಿಕ್ಕಮ್ಮ ಅವರ ಕಡೆ ಕಾಕು. ಅಮ್ಮನಿಂದ ಅವಳ ಬಾಯಲ್ಲಿ ಉಳಿದ ಕೆಲವೇ ಮಾತುಗಳಲ್ಲಿ ಅದೂ ಒಂದು ಎಂದು ಆಗ ನಾನು ತಿಳಿದಿದ್ದೆ. ಚಿಕ್ಕಂದಿನಿಂದ ಅಮ್ಮ ಧಾರವಾಡದ ಕನ್ನಡದಲ್ಲಿ ಕೇಳಿದ್ದಕ್ಕೆ ಮಗಳು ಇಂಗ್ಲಿಷಿನಲ್ಲಿ ಉತ್ತರ ಕೊಡುವುದೇ ಆ ಮನೆಯ ರೂಢಿಯಾಗಿತ್ತು.

ಹದಿಮೂರನೆಯ ದಿನದ ಊಟ ಮುಗಿದು ನೆಂಟರೆಲ್ಲ ಹೊರಟ ಮೇಲೆ ಶಾಲು ಅಡುಗೆಮನೆಗೆ ಬಂದಳು. ನಾನು ಹುಳಿಯ ಪಾತ್ರೆ ಉಜ್ಜುತ್ತಿದ್ದೆ.

"ಕಾಕು, ಡು ಯು ಹ್ಯಾವ್ ಅಮ್ಮಾಸ್ ವಾಯ್ಸ್? ಎನಿಥಿಂಗ್. ಒಂದು ಸೆಂಟೆನ್ಸ್ ಸಾಕು."

"ಇರತ್ತೆ ಬಿಡೇ. ಎಲ್ಲಾದ್ರೂ ಇದ್ದೇ ಇರತ್ತೆ. ಹುಡುಕ್ತೀನಿ."

"ಐ'ಮ್ ಆಲ್ರೆಡಿ ಲೂಸಿಂಗ್ ಇಟ್," ಎಂದಳು. ಮುಖ ನೆನಪಿದೆಯಂತೆ, ಕೈ ನೆನಪಿದೆಯಂತೆ. ಅಮ್ಮನ ದನಿಯನ್ನು ನೆನೆಯಲು ಹೋದರೆ ತನ್ನ ದನಿಯೇ ಬರುತ್ತದಂತೆ.

ಇಷ್ಟು ಫೋನುಗಳಿರುವ ಕಾಲದಲ್ಲಿ ಒಬ್ಬರ ದನಿ ಸಿಗದೆ ಎಲ್ಲಿ ಹೋಗುತ್ತದೆ ಎಂದುಕೊಂಡೆ. ನಿಮಗೂ ಹಾಗೇ ಅನ್ನಿಸುತ್ತಿರಬಹುದು. ನಿಮ್ಮ ಮನೆಯಲ್ಲಿ ಒಮ್ಮೆ ಹುಡುಕಿ ನೋಡಿ. ವಿಶಾಲಕ್ಕನ ನಂಬರಿಗೆ ಫೋನು ಮಾಡಿದರೆ ಕಂಪನಿಯ ಹೆಂಗಸು ಮಾತಾಡುತ್ತಿದ್ದಳು. ಅವರು ತಮ್ಮ ದನಿಯಲ್ಲಿ ಹಲೋ ಕೂಡ ಹಾಕಿಸಿರಲಿಲ್ಲ. ವಾಟ್ಸಾಪಿನಲ್ಲಿ ಎಲ್ಲರೂ ವಾಯ್ಸ್ ಮೆಸೇಜು ಕಳಿಸಿದರೆ ಅವರು ಒಂದೊಂದೇ ಅಕ್ಷರ ಒತ್ತಿ ಉತ್ತರ ಬರೆಯುತ್ತಿದ್ದರು. "ಎದುರಿಗೆ ಯಾರೂ ಇಲ್ಲದ ಮಾತಾಡೋದಂದ್ರ ಬಾವಿಯೊಳಗ ಮುಖ ಹಾಕಿ ಕೂಗಿದ್ಹಂಗ" ಎನ್ನುತ್ತಿದ್ದರು. ಹುಟ್ಟುಹಬ್ಬ, ಗೃಹಪ್ರವೇಶ, ಗಣೇಶನ ಹಬ್ಬ, ಯಾವ ವಿಡಿಯೋ ತೆಗೆದರೂ ಅವರಿಲ್ಲ. ಏಕೆಂದರೆ ತೆಗೆದವರು ಅವರೇ, ತೆಗೆಯುವಾಗ ತುಟಿ ಬಿಚ್ಚುತ್ತಿರಲಿಲ್ಲ.

ಕೊನೆಗೆ ಭಾವನವರು ತಮ್ಮ ಮದುವೆಯ ವಿಡಿಯೋ ಹಾಕಿದರು. ಆ ಕಾಲದ ಮದುವೆಯ ವಿಡಿಯೋಗಳು ನಿಮಗೆ ಗೊತ್ತಲ್ಲ, ಮೊದಲಿನಿಂದ ಕೊನೆಯವರೆಗೆ ಶಹನಾಯಿ, ನಡುನಡುವೆ ಸಿನಿಮಾ ಹಾಡು. ಎಲ್ಲರ ತುಟಿ ಅಲ್ಲಾಡುತ್ತದೆ, ಯಾರ ಮಾತೂ ಕೇಳುವುದಿಲ್ಲ. ಭಾವನವರು ಒಂದು ಕಡೆ ನಿಲ್ಲಿಸಿ, ಹಿಂದಕ್ಕೆ ಹೋಗಿ, ಮತ್ತೆ ನಿಲ್ಲಿಸಿದರು.

"ಇಲ್ಲಿ ಏನೋ ಹೇಳ್ತಿದಾಳೆ ನೋಡು."

"ಏನು ಭಾವ?"

"ನಾನು ಅವಳ ಸೀರೆ ಮೇಲೆ ಕಾಲಿಟ್ಟಿದ್ದೆ. ಬೈತಿದಾಳೆ." ಸ್ವಲ್ಪ ಹೊತ್ತು ನೋಡಿದರು. "ತಾಳಿ ಕಟ್ಟಿ ಇನ್ನೂ ಐದು ನಿಮಿಷ ಆಗಿರಲಿಲ್ಲ" ಎಂದು ನಕ್ಕರು. ಅಕ್ಕ ಹೋದ ಮೇಲೆ ಭಾವ ನಕ್ಕದ್ದು ನಾನು ನೋಡಿದ್ದು ಆಗಲೇ.

ಉಳಿದದ್ದು ಹಕ್ಕಿಗಳ ರೆಕಾರ್ಡಿಂಗು. ವಿಶಾಲಕ್ಕನ ಫೋನಿನಲ್ಲಿ ಹಕ್ಕಿಯ ದನಿ ಗುರುತಿಸುವ ಒಂದು ಆ್ಯಪ್ ಇತ್ತು. ಎಷ್ಟೋ ವಸಂತಗಳ ಹಾಡುಗಳು ಅದರಲ್ಲಿದ್ದವು. ಅವುಗಳಲ್ಲಿ ಹೆಚ್ಚಿನವು ಒಂದೇ ಹಕ್ಕಿಯವು. ಆ ಹಕ್ಕಿಯ ವಿಷಯ ಹೇಳದಿದ್ದರೆ ನನ್ನ ಪೆದ್ದುತನ ನಿಮಗೆ ಪೂರ್ತಿ ತಿಳಿಯುವುದಿಲ್ಲ.

ಬಹಳ ಹಿಂದೆ, ಅವರು ಮೊದಲ ಸಲ ನನ್ನನ್ನು ಪಾರ್ಕಿಗೆ ಕರೆದುಕೊಂಡು ಹೋದಾಗ, ಅಲ್ಲಿ ನಿಂತಿದ್ದ ಅಮೆರಿಕನ್ ಮುದುಕರೊಬ್ಬರು ಪೊದೆಯ ಕಡೆ ಕೈ ತೋರಿಸಿ ಏನೋ ಪಿಸುಗುಟ್ಟಿದರು. ನಾನು "ಏನಂತೆ ಅಕ್ಕ?" ಎಂದೆ. ಅಕ್ಕನೂ ಪಿಸುಮಾತಿನಲ್ಲೇ ಹೇಳಿದರು. ನನಗೆ ಕೇಳಿಸಿದ್ದು "ಕನ್ನಡ ವಾರ್ಬ್ಲರ್" ಎಂದು.

ನಾನು ಪಿಯುಸಿ ಓದಿದವಳು. ಹಿಲ್‌ಸೈಡ್ ಅವೆನ್ಯೂವಿನ ಅಂಗಡಿಯಲ್ಲಿ ಬಿಲ್ ಹಾಕುವ ಕೆಲಸ. ಅಮೆರಿಕದವರು ಹಕ್ಕಿಗಳಿಗೆ ಹೇಗೆ ಹೆಸರಿಡುತ್ತಾರೆ ಎಂದು ನನಗೇನು ಗೊತ್ತು? ಆದರೆ ಹೆಮ್ಮೆ ಪಡುವುದಕ್ಕೆ ಡಿಗ್ರಿ ಬೇಕಿಲ್ಲವಲ್ಲ. ಮುಂದಿನ ಭಾನುವಾರ ಫ್ಲಶಿಂಗಿನ ಗಣೇಶನ ಗುಡಿಯ ಕ್ಯಾಂಟೀನಿನಲ್ಲಿ ದೋಸೆಗೆ ಕ್ಯೂ ನಿಂತಿದ್ದಾಗ, ನಮ್ಮ ಕನ್ನಡದ ಬಳಗದ ಒಬ್ಬ ಅಂಕಲ್ಲಿಗೆ ಹೇಳಿದೆ, ಇಲ್ಲಿ ನಮ್ಮ ಭಾಷೆಯ ಹೆಸರಿನ ಹಕ್ಕಿಯೇ ಇದೆ ಎಂದು. ಅವರು ಎರಡೆರಡು ಸಲ ಕೇಳಿ ಖಚಿತ ಮಾಡಿಕೊಂಡರು. ನವೆಂಬರಿನ ರಾಜ್ಯೋತ್ಸವದಲ್ಲಿ ಮೈಕು ಹಿಡಿದು, ಅಮೆರಿಕದ ಕಾಡಿನಲ್ಲೂ ಕನ್ನಡದ ಹೆಸರು ಹೊತ್ತ ಹಕ್ಕಿ ಹಾಡುತ್ತಿದೆ ಎಂದುಬಿಟ್ಟರು. ಚಪ್ಪಾಳೆಯೋ ಚಪ್ಪಾಳೆ. ನಾನೂ ತಟ್ಟಿದೆ. ಪಕ್ಕದಲ್ಲಿ ವಿಶಾಲಕ್ಕ ಬಾಯಿಗೆ ಸೆರಗು ಅಡ್ಡ ಹಿಡಿದು ಅಲುಗಾಡುತ್ತಿದ್ದರು. ಭಾವುಕರಾಗಿದ್ದಾರೆ ಎಂದುಕೊಂಡೆ.

ಕಾರಿನಲ್ಲಿ ಹೇಳಿದರು: "ಪದ್ದಿ, ಅದು ಕೆನಡಾ ವಾರ್ಬ್ಲರ್. ನೀ ಬಡ ಹಕ್ಕಿದು ಪಾಸ್‌ಪೋರ್ಟ್ ಬದಲ ಮಾಡಿಬಿಟ್ಟಿ ನೋಡು."

ಇದರಲ್ಲಿ ಪೂರ್ತಿ ತಪ್ಪು ನನ್ನದಲ್ಲ ಎಂದು ಈಗಲೂ ವಾದ ಮಾಡುತ್ತೇನೆ. ಶಾಲು ಶಾಲೆಗೆ ಸೇರಿದಾಗ ಮನೆಯ ಭಾಷೆ ಕನ್ನಡ ಎಂದು ಬರೆಸಿದ್ದಕ್ಕೆ, ಅವಳ ಟೀಚರು ಗೋಡೆಯ ಭೂಪಟದಲ್ಲಿ ಅವಳ ಫೋಟೋವನ್ನು ಕೆನಡಾದ ಮೇಲೆ ಅಂಟಿಸಿದ್ದರು. ವರ್ಷವೆಲ್ಲ ಹುಡುಗಿ ಅಲ್ಲೇ ಹಿಮದಲ್ಲಿ ನಗುತ್ತಿದ್ದಳು. ಅವರು ನಮ್ಮ ಕನ್ನಡವನ್ನು ಕೆನಡಾ ಎಂದು ಕೇಳಿಸಿಕೊಳ್ಳಬಹುದಾದರೆ, ಅವರ ಕೆನಡಾ ನನಗೆ ಕನ್ನಡ ಎಂದು ಕೇಳಿಸಿದ್ದರಲ್ಲಿ ಏನು ವಿಶೇಷ?

ಅಂದಿನಿಂದ ನಮ್ಮ ಮನೆಯಲ್ಲಿ ಅದು ಕನ್ನಡ ಹಕ್ಕಿ. ವಿಶಾಲಕ್ಕನಿಗೆ ಅದರ ಮೇಲೆ ವಿಶೇಷ ಮಮತೆ ಹುಟ್ಟಿತು. ಅದು ನಿಜಕ್ಕೂ ಕೆನಡಾದ್ದೂ ಅಲ್ಲ ಎಂದು ಪತ್ತೆ ಮಾಡಿದವರೂ ಅವರೇ. ಕೊಲಂಬಿಯಾ, ಎಕ್ವಡಾರ್, ಪೆರು ದೇಶಗಳ ಬೆಟ್ಟದ ಕಾಡುಗಳಲ್ಲಿ, ಮಂಜು ಹೊದ್ದ ಆಂಡೀಸ್ ಪರ್ವತದ ಮಗ್ಗುಲಲ್ಲಿ ಅದರ ವಾಸ. ವರ್ಷದ ಹೆಚ್ಚು ಕಾಲ ಅಲ್ಲೇ ಇರುತ್ತದೆ. ಉತ್ತರಕ್ಕೆ ಬರುವುದು ಬಾಣಂತನಕ್ಕೆ ಮಾತ್ರ. ಮರಿಗಳು ಹಾರುವಂತಾದರೆ ಗಂಟುಮೂಟೆ ಕಟ್ಟಿ ಹೊರಟೇಬಿಡುತ್ತದೆ. "ಹೆಸರು ಕೆನಡಾ, ಮನಿ ಆಂಡೀಸು. ಹೆಸರಿಟ್ಟವರಿಗೆ ಅಡ್ರೆಸ್ ಗೊತ್ತಿದ್ದಿಲ್ಲ" ಎನ್ನುತ್ತಿದ್ದರು. ವಲಸೆ ಹಕ್ಕಿ ಎಂದ ಕೂಡಲೇ ನಮ್ಮ ಕಾರ್ಯಕ್ರಮಗಳಲ್ಲಿ ಯಾರಾದರೊಬ್ಬರು ನಾವೂ ಹಾಗೆಯೇ ಎಂದು ಗದ್ಗದರಾಗುವುದುಂಟು. ವಿಶಾಲಕ್ಕನಿಗೆ ಆ ಹೋಲಿಕೆ ಹಿಡಿಸುತ್ತಿರಲಿಲ್ಲ. ವೀಸಾ ಇಲ್ಲದೆ ಬರುತ್ತದೆ, ಸಾಲ ಮಾಡಿ ಮನೆ ಕೊಳ್ಳುವುದಿಲ್ಲ, ನಮಗೂ ಅದಕ್ಕೂ ಯಾವ ಸಂಬಂಧ ಎಂದು ಕೇಳುತ್ತಿದ್ದರು.

ಇನ್ನೊಂದು ವಿಷಯ ಅವರಿಗೆ ಬಹಳ ಖುಷಿ ಕೊಡುತ್ತಿತ್ತು. ಬೂದುನೀಲಿ ಬೆನ್ನು, ಹಳದಿ ಎದೆ, ಆ ಎದೆಯ ಮೇಲೆ ಕರಿಯ ಚುಕ್ಕೆಗಳ ಸಾಲು, ಥೇಟು ಕರಿಮಣಿ ಸರ. ಅದೂ ಗಂಡಿನ ಕೊರಳಲ್ಲಿ ದಪ್ಪಗೆ, ಹೆಣ್ಣಿನ ಕೊರಳಲ್ಲಿ ಕಂಡೂ ಕಾಣದಂತೆ. "ಗಂಡಿಗೇ ಕರಿಮಣಿ. ನಮ್ಮ ಮನಿಯಾಗಿನ ಗಂಡಸರನ್ನ ಕರಕೊಂಡು ಬಂದು ತೋರಿಸಬೇಕು" ಎನ್ನುತ್ತಿದ್ದರು. ಅವರು ತೋರಿಸಿದಾಗಲೆಲ್ಲ ನಾನು "ಹೂಂ ಅಕ್ಕ, ಕಂಡಿತು" ಎಂದಿದ್ದೇನೆ. ದುರ್ಬೀನಿನಲ್ಲಿ ನನಗೆ ಕಂಡಿದ್ದು ಎಲೆ ಮಾತ್ರ. ಒಂದು ಸಲ ಪೊದೆಗೆ ಸಿಕ್ಕಿದ್ದ ಕಾಗದದ ಲೋಟವನ್ನು ಹಕ್ಕಿ ಎಂದುಕೊಂಡು ಬಹಳ ಹೊತ್ತು ನೋಡಿದ್ದೆ.

ಶಾಲು ಆ ಫೋನನ್ನು ಒಂದು ವಾರ ಇಟ್ಟುಕೊಂಡು ಕೇಳಿದಳು. ಆಮೇಲೆ ತಂದು ನನ್ನ ಕೈಗೆ ಕೊಟ್ಟಳು.

"ಕಾಕು, ಇಟ್ಸ್ ಮೋಸ್ಟ್ಲಿ ಯೂ."

"ಏನು ನಾನು?"

"ಟಾಕಿಂಗ್. ಅಮ್ಮ ಈಸ್ ಕ್ವೈಟ್. ಹಕ್ಕಿ ಹಾಡತ್ತೆ, ಯು ಟಾಕ್."

ನಿಜವಾಗಿತ್ತು. ಆಮೇಲೆ ಇಯರ್‌ಫೋನು ಕಿವಿಗೆ ಸಿಕ್ಕಿಸಿಕೊಂಡು ಬಸ್ಸಿನಲ್ಲಿ ಕೆಲಸಕ್ಕೆ ಹೋಗಿ ಬರುವಾಗ ಆ ರೆಕಾರ್ಡಿಂಗುಗಳನ್ನು ಒಂದೊಂದಾಗಿ ಕೇಳಿದೆ. ಅವಳು ಏನಾದರೂ ಬಿಟ್ಟಿರಬಹುದು, ಕನ್ನಡವಾದ್ದರಿಂದ ಅವಳ ಕಿವಿಗೆ ಬಿದ್ದಿರಲಿಕ್ಕಿಲ್ಲ ಎಂದು ನನ್ನ ಆಸೆ. ಮೊದಲು ಎಲೆಯ ಸದ್ದು, ದೂರದ ಹೈವೇ. ಆಮೇಲೆ ಹಕ್ಕಿ. ಆಮೇಲೆ ನಾನು. "ಅಕ್ಕ, ಕೊತ್ತಂಬರಿ ಸೊಪ್ಪು ತರೋದು ಮರೆತೆ." "ಅಕ್ಕ, ಆ ಹೆಂಗಸಿನ ಟೋಪಿ ನೋಡಿ." "ಅಕ್ಕ, ಇಲ್ಲಿ ಬಾತ್‌ರೂಮ್ ಎಲ್ಲಿದೆಯೋ?" ದಿನವಿಡೀ ಅಂಗಡಿಯಲ್ಲಿ ಗಿರಾಕಿಗಳ ಗಲಾಟೆಯ ಮೇಲೆ ದನಿ ಎತ್ತಿ ಮಾತಾಡುವವಳು ನಾನು, ನನ್ನ ಪಿಸುಮಾತೂ ಹೈವೇ ದಾಟುತ್ತದೆ. ನನ್ನ ಮಾತು ಮುಗಿದ ಮೇಲೆ ಒಂದು ನಿಟ್ಟುಸಿರು, ಜಾಕೆಟ್ಟು ಸರಿದ ಸದ್ದು, ಬಳೆ. ಅಲ್ಲಿಗೆ ರೆಕಾರ್ಡಿಂಗು ನಿಲ್ಲುತ್ತದೆ. ಪ್ರತಿ ಸಲವೂ ಅಷ್ಟೇ. ನನ್ನನ್ನು ಬೈಯುವುದಕ್ಕೆ ಬಾಯಿ ತೆರೆಯುವ ಮೊದಲು ಅವರು ಆಫ್ ಮಾಡುತ್ತಿದ್ದರು. ಇನ್ನೊಂದು ಗಳಿಗೆ ತಡೆದಿದ್ದರೆ ಒಂದು ಫೋನಿನ ತುಂಬ ಬೈಗುಳ ಸಿಗುತ್ತಿತ್ತು.

ಒಂದೇ ಒಂದು ಕಡೆ "ಶ್" ಎಂದಿದ್ದರು. ಅದನ್ನು ಶಾಲು ಆಗಲೇ ಬೇರೆ ತೆಗೆದಿಟ್ಟಿದ್ದಳು.

"ಅದು ಮಾತು ಅನ್ನಬಹುದಲ್ವಾ?" ಎಂದು ಕೇಳಿದೆ.

"ಇಟ್ಸ್ ನಾಟ್ ಈವನ್ ಕನ್ನಡ, ಕಾಕು."

ಚಳಿಗಾಲವೆಲ್ಲ ಕೇಳಿದ್ದನ್ನೇ ಕೇಳಿದೆ. ನಡುವೆ ಒಂದು ಭಾನುವಾರ ಶಾಲು ನ್ಯೂಜೆರ್ಸಿಯಿಂದ ಬಂದಳು, ಇಬ್ಬರೂ ಫ್ಲಶಿಂಗಿನ ಕ್ಯಾಂಟೀನಿಗೆ ಹೋದೆವು. ಹುಡುಗಿ ದೋಸೆಯ ಅಂಚನ್ನು ಸುಮ್ಮನೆ ಮುರಿಯುತ್ತ ಕೂತಿದ್ದಳು. ನನಗೇನು ತೋಚಿತೋ, ವಿಶಾಲಕ್ಕನ ಹಾಗೆ ಮಾತಾಡಿದರೆ ಅವಳಿಗೆ ಸ್ವಲ್ಪ ಸಮಾಧಾನವಾದೀತು ಎಂದು, ಕುತ್ತಿಗೆ ಓರೆ ಮಾಡಿ, "ಏನ್ ಮಾಡ್ಲಿಕ್ಕ ಹತ್ತೀದಿ ಶಾಲೂ?" ಎಂದೆ.

ಅವಳು ತಲೆ ಎತ್ತಿ ನೋಡಿದಳು. ಬಾಯಲ್ಲಿದ್ದ ದೋಸೆ ನುಂಗಿದಳು.

"ನೋ ಕಾಕು. ಅಮ್ಮ ಹಂಗ ಅಂತಿದ್ದಿಲ್ಲ. 'ಏನ್ ನಡಸೀ ಶಾಲೂ' ಅಂತಿದ್ಲು. ನಡಸೀ. ಸೀ ಉದ್ದ. ನೀವು ನಾಟಕದಾಗ ಮಾಡಿದಂಗ ಮಾಡ್ತೀರಿ."

ನಾನು ಕಾಫಿ ಕೆಳಗಿಟ್ಟೆ. ನಮ್ಮ ಮನೆಯಲ್ಲಿ ಇಪ್ಪತ್ತು ಚಿಲ್ಲರೆ ವರ್ಷ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟ ಹುಡುಗಿ. ಇಷ್ಟು ದಿನ ಎಲ್ಲಿಟ್ಟಿದ್ದೆ ಇದನ್ನು ಎಂದು ಕೇಳಿದೆ. ಅವಳು ಭುಜ ಹಾರಿಸಿ ಹೇಳಿದಳು, "ಅಮ್ಮ ವಾಸ್ ಡೂಯಿಂಗ್ ಇಟ್. ಐ ಡಿಡಂಟ್ ಹ್ಯಾವ್ ಟು." ಆಮೇಲೆ ಸಾಂಬಾರು ಇನ್ನೊಂದು ಬಟ್ಟಲು ಬೇಕೆಂದಳು. ನಾನೇ ಎದ್ದು ಹೋಗಿ ತಂದೆ. ಅವಳೆದುರು ಕಣ್ಣು ಒರೆಸಿಕೊಳ್ಳುವುದು ತಪ್ಪಿತು.

ಮೇ ಬಂತು. ಪಾರ್ಕಿಗೆ ಹೋಗುವುದು ಬೇಡ ಎಂದೇ ಇದ್ದೆ. ಒಂದು ಶನಿವಾರ ಬೆಳಿಗ್ಗೆ ಶಾಲು ಬಾಗಿಲ ಮುಂದೆ ಕಾರು ನಿಲ್ಲಿಸಿ ಹಾರ್ನ್ ಹೊಡೆದಳು. ಅಮ್ಮನ ದುರ್ಬೀನು ಅವಳ ಕೊರಳಲ್ಲಿತ್ತು. ದಾರಿಯಲ್ಲಿ ಅವಳು ಟ್ರಾಫಿಕ್ಕಿನ ವಿಷಯ ಹೇಳುತ್ತಿದ್ದಳು, ನಾನು ಅಂಗಡಿಯ ವಿಷಯ ಹೇಳುತ್ತಿದ್ದೆ. ಹಿಂದಿನ ದಿನ ಮಳೆ ಬಂದು ಕಾಲುದಾರಿ ಕಿಚಪಿಚ ಎನ್ನುತ್ತಿತ್ತು. ಅವಳು ಮುಂದೆ, ನಾನು ಹಿಂದೆ.

ಬಿಸಿ ಎಣ್ಣೆಗೆ ಸಾಸಿವೆ ಹಾಕಿದರೆ ಮೊದಲು ಒಂದೇ ಒಂದು ಕಾಳು ಚಟ್ ಎನ್ನುತ್ತದೆ. ಒಂದು ಕ್ಷಣ ತಡೆದು, ಉಳಿದವೆಲ್ಲ ತಾಳ ತಪ್ಪಿ ಒಟ್ಟಿಗೆ ಸಿಡಿಯುತ್ತವೆ. ಎಡಗಡೆಯ ಪೊದೆಯೊಳಗಿಂದ ಆ ಸದ್ದು ಬಂತು. ಚಟ್, ಆಮೇಲೆ ಅವಸರ ಅವಸರವಾಗಿ ಒಂದಕ್ಕೊಂದು ಹೊಂದದ ಸ್ವರಗಳು.

"ಶಾಲು, ನಿಲ್ಲು," ಎಂದೆ. "ಕನ್ನಡ ಹಕ್ಕಿ."

"ಹೌ ಡು ಯು ನೋ?"

ಹೇಗೆ ಗೊತ್ತಾಯಿತು ಎಂದು ನನಗೂ ಒಮ್ಮೆಲೇ ತಿಳಿಯಲಿಲ್ಲ. ಅವಳು ಆ್ಯಪ್ ತೆರೆದು ಹಿಡಿದಳು, ಅದು ಯೋಚನೆ ಮಾಡಿ ಅದೇ ಹೆಸರು ತೋರಿಸಿತು. ಆಗ ಹೊಳೆಯಿತು. ಬಸ್ಸಿನಲ್ಲಿ ಒಂದು ಚಳಿಗಾಲ ಪೂರ್ತಿ ನಾನು ಅಕ್ಕನಿಗಾಗಿ ಕಿವಿಗೊಟ್ಟು ಕೂತಿದ್ದೆ. ಅವರು ಸಿಗಲಿಲ್ಲ, ಹಕ್ಕಿ ಮನಸ್ಸಿಗೆ ಹತ್ತಿಬಿಟ್ಟಿತ್ತು. ಅಷ್ಟು ವರ್ಷ ಅವರು ಹೇಳಿಕೊಟ್ಟಾಗ ಕಲಿಯದವಳು, ಅವರನ್ನು ಹುಡುಕುವಾಗ ಕಲಿತಿದ್ದೆ.

ಶಾಲು ದುರ್ಬೀನನ್ನು ನನ್ನ ಕೊರಳಿಗೆ ಹಾಕಿ, ಕೊಂಬೆಯೊಂದರ ಬುಡ ತೋರಿಸಿದಳು. ಎಲೆ ಕಂಡಿತು, ಮತ್ತೊಂದು ಎಲೆ ಕಂಡಿತು, ಆಮೇಲೆ ಎಲೆಯೊಂದು ತಿರುಗಿ ನನ್ನನ್ನು ನೋಡಿತು. ಹಳದಿ ಎದೆ. ಕಣ್ಣಿನ ಸುತ್ತ ಕನ್ನಡಕದ ಹಾಗೆ ಒಂದು ಬಳೆ. ಕೊರಳಲ್ಲಿ ಕರಿಯ ಚುಕ್ಕೆಗಳ ಸಾಲು, ಈಗ ತಾನೇ ಪೋಣಿಸಿದ ಹಾಗೆ. ಕೊಕ್ಕು ತೆರೆದು ಹಾಡಿದಾಗ ಆ ಸಾಲು ನಡುಗಿತು. ಆಂಡೀಸಿನ ಮಂಜಿನಿಂದ ಹೊರಟು, ಸಮುದ್ರಗಳ ಅಂಚು ಹಿಡಿದು, ಇಷ್ಟೇ ಇಷ್ಟು ಜೀವ ಇಲ್ಲಿಗೆ ಬಂದು, ಹೈವೇ ಪಕ್ಕದ ಕೆಸರಿನಲ್ಲಿ ಹುಳ ಹುಡುಕುತ್ತ, ನಡುನಡುವೆ ಹಾಡುತ್ತಿತ್ತು. ಈ ಸಲ ನಿಜವಾಗಿಯೂ ಕಂಡಿತು. ಹಾಗೆಂದು ಶಾಲುಗೆ ಹೇಳಿದೆ. ಈ ಸಲ ಎಂದರೇನು ಎಂದು ಅವಳು ಕೇಳಲಿಲ್ಲ, ನಕ್ಕಳು. ನನಗೆ ಎಂದೂ ಕಂಡಿರಲಿಲ್ಲ ಎಂದು ಅಮ್ಮನಿಗೂ ಗೊತ್ತಿತ್ತು ಎಂದಳು. ಗೊತ್ತಿದ್ದೂ ಪ್ರತಿ ವರ್ಷ ತೋರಿಸುತ್ತಿದ್ದರು.

ಅವಳು ರೆಕಾರ್ಡಿಂಗು ಒತ್ತಿ ಫೋನನ್ನು ಚಾಚಿದಳು. ನಾನು ಬಾಯಿ ಬಿಗಿ ಹಿಡಿದೆ. ಜೀವನದಲ್ಲಿ ಅಷ್ಟು ಕಷ್ಟಪಟ್ಟು ಸುಮ್ಮನಿದ್ದದ್ದು ನೆನಪಿಲ್ಲ. ಹಕ್ಕಿ ಒಂದು ಸಲ ಹಾಡಿತು, ಎರಡು ಸಲ ಹಾಡಿತು.

"ಕಾಕು," ಎಂದಳು ಶಾಲು, ಪೊದೆಯ ಮೇಲಿಂದ ಕಣ್ಣು ತೆಗೆಯದೆ. "ಟಾಕ್."

"ಹಾರಿ ಹೋಗತ್ತೆ ಕಣೇ."

"ಹೋದ್ರ ಹೋಗ್ಲಿ. ನೀವು ಮಾತಾಡ್ರಿ."

ಬೇಕಾದಾಗ ಮಾತು ಬರುವುದಿಲ್ಲ ನೋಡಿ. ಏನು ಹೇಳಲಿ ಎಂದೆ. ಏನಾದರೂ ಎಂದಳು. ನನ್ನ ಚಪ್ಪಲಿಗೆ ಕೆಸರು ಹತ್ತಿದೆ, ನಿನ್ನ ಕಾರಿನ ಕಾರ್ಪೆಟ್ಟು ಹಾಳಾಗುತ್ತದೆ ಎಂದೆ. ಹಾಳಾಗಲಿ ಎಂದಳು. ನಿಮ್ಮಪ್ಪನಿಗೆ ಮಂಡಿನೋವು ಕಡಿಮೆಯಾಗಿದೆ, ಮುಂದಿನ ವಾರ ಅವರನ್ನೂ ಕರೆದುಕೊಂಡು ಬರೋಣ ಎಂದೆ. "ಅಪ್ಪಗ ಹಕ್ಕಿ ಅಂದ್ರ ಕೋಳಿ ಒಂದಽ ಗೊತ್ತು" ಎಂದಳು. ನಾನು ಗಟ್ಟಿಯಾಗಿ ನಕ್ಕೆ. ಹಕ್ಕಿ ಹಾರಿ ಹೋಗಲಿಲ್ಲ. ಪಕ್ಕದ ಕೊಂಬೆಗೆ ಸರಿದು ಮತ್ತೆ ಶುರು ಮಾಡಿತು.

ಆ ರೆಕಾರ್ಡಿಂಗನ್ನು ಅವಳು ಸಂಜೆ ನನಗೂ ಭಾವನವರಿಗೂ ಕಳಿಸಿದಳು. ಭಾವನವರು ಕೆಳಗೆ ಅದನ್ನು ಹಾಕಿಕೊಂಡರೆ ಮೇಲಿನವರೆಗೂ ಕೇಳಿಸುತ್ತದೆ. ಶಾಲು ಈಗ ವಾರಕ್ಕೊಮ್ಮೆ ಫೋನು ಮಾಡಿ ನನ್ನ ಜೊತೆ ಧಾರವಾಡದ ಕನ್ನಡ ಮಾತಾಡುತ್ತಾಳೆ, ನಾನು ತಪ್ಪು ಮಾಡಿದರೆ ತಿದ್ದುತ್ತಾಳೆ. ಮುಂದಿನ ಚಳಿಗಾಲ ಎಕ್ವಡಾರಿಗೆ ಹೋಗಿ ಆ ಬೆಟ್ಟದ ಕಾಡು ನೋಡೋಣ ಎನ್ನುತ್ತಾಳೆ. ಅಂಗಡಿಯಲ್ಲಿ ರಜ ಕೇಳಿದ್ದೇನೆ. ಧಾರವಾಡದಲ್ಲಿರುವ ವಿಶಾಲಕ್ಕನ ಗೆಳತಿಯೊಬ್ಬರು ಕಾಲೇಜಿನ ಕಾಲದ ಕ್ಯಾಸೆಟ್ಟುಗಳನ್ನು ಅಟ್ಟದಿಂದ ಇಳಿಸಿ ಒಂದೊಂದಾಗಿ ಹಾಕಿ ನೋಡುತ್ತಿದ್ದಾರೆ.

ವಿಶಾಲಕ್ಕನ ಒಂದು ಮಾತೂ ನಮಗೆ ಇನ್ನೂ ಸಿಕ್ಕಿಲ್ಲ.